ಜಿಂಕೆ ಬೇಡವೆಂದ ಊಟ

ನಮ್ಮ ಭಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಸಂಬಳದ ದಿನ ಸಹಿ ಹಾಕುವಾಗ ಅದು ಉಪಯೋಗಕ್ಕೆ ಬರುತ್ತಿತ್ತು. ಮಿಕ್ಕ ದಿನವೆಲ್ಲ ಅವರು ಖಾಲಿತಟ್ಟೆ.

ಬಾಟಲಿ ಮಾಡುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದರು. ಆ ಕ್ಯಾಂಟೀನಿಗೆ ಎರಡು ಕಿಟಕಿ. ಒಂದರಲ್ಲಿ ಊಟ ಹೊರಗೆ ಹೋಗುತ್ತಿತ್ತು, ಇನ್ನೊಂದರಲ್ಲಿ ಎಂಜಲು ತಟ್ಟೆ ಒಳಗೆ ಬರುತ್ತಿತ್ತು. ಬೇರೆ ಅಡುಗೆಯವರು ಯಾರಾದರೂ ಹೊಗಳಲಿ ಅಂತ ಮೊದಲನೇ ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. ನಮ್ಮ ಭಾವ ನಿಲ್ಲುತ್ತಿದ್ದುದು ಎರಡನೆಯದರ ಹತ್ತಿರ. ಬಾಯಿ ಸುಳ್ಳು ಹೇಳುತ್ತೆ, ತಟ್ಟೆ ಹೇಳಲ್ಲ ಅನ್ನುತ್ತಿದ್ದರು. ಯಾವುದಾದರೂ ತಟ್ಟೆಯಲ್ಲಿ ಊಟ ಉಳಿದು ಬಂತೋ, ಸೌಟು ಕೈಯಲ್ಲಿ ಹಿಡಿದೇ ಹೊರಗೆ ಹೋಗಿ ಆ ಮನುಷ್ಯನನ್ನು ಹುಡುಕಿ ಕೇಳುತ್ತಿದ್ದರು: "ಉಪ್ಪು ಕಮ್ಮಿ ಆಯ್ತೇನಪ್ಪಾ?"

ಹಲ್ಲುನೋವಿನವನು ಬಾಯಿ ತೆರೆದು ಹಲ್ಲು ತೋರಿಸಬೇಕಾಗಿತ್ತು. ಹೆಂಡತಿಯ ಜೊತೆ ಜಗಳವಾಡಿ ಬಂದವನು ಜಗಳ ಏತಕ್ಕೆ ಅಂತ ಹೇಳಬೇಕಾಗಿತ್ತು. ಕುಲುಮೆ ಕೆಲಸದವನೊಬ್ಬ ಇದಕ್ಕೆಲ್ಲ ಹೆದರಿ, ತಿನ್ನಲಾಗದ ಬೀಟ್‌ರೂಟನ್ನು ಅಂಗಿ ಜೇಬಿಗೆ ಹಾಕಿಕೊಂಡು ಹೋದ. ಎದೆಯ ಮೇಲೆ ಕೆಂಪು ನೋಡಿ ಬಾಗಿಲಲ್ಲಿದ್ದ ಕಾವಲಿನವನು ಅವನನ್ನು ಆಸ್ಪತ್ರೆಗೆ ಕಳಿಸಿಬಿಟ್ಟ. ಭಾವ ಮಾತ್ರ ಆ ದಿನ ತಟ್ಟೆಗಳೆಲ್ಲ ಖಾಲಿ ಬಂದವು ಅಂತ ಸಂತೋಷವಾಗಿಯೇ ಮನೆಗೆ ಬಂದರು.

ಇಂಥವರಿಗೆ ನಮ್ಮ ಅಕ್ಕನನ್ನು ಕೊಟ್ಟಿದ್ದು. ಅವರಿಬ್ಬರೂ ಇದ್ದದ್ದು ನನ್ನ ವೆಲ್ಡಿಂಗ್ ಅಂಗಡಿಯ ಮೇಲಿನ ರೂಮಿನಲ್ಲಿ. ಕೆಳಗೆ ನಾನು ಕಬ್ಬಿಣ ಕೊಯ್ಯುತ್ತಿದ್ದೆ, ಮೇಲೆ ಅಕ್ಕ ಮೆಟ್ಟಿಲಿನ ಮೇಲೆ ಕುಂಡ ಇಟ್ಟು ಗಿಡ ಬೆಳೆಸುತ್ತಿದ್ದಳು. ಬೆಳೆಸುತ್ತಿದ್ದಳು ಅನ್ನುವುದು ಗೌರವದ ಮಾತು. ಕಬ್ಬಿಣದ ಪುಡಿ ಹಾರಿ ಬಂದು ಎಲೆಯ ಮೇಲೆ ಕೂತು, ಎಲೆಗೂ ತುಕ್ಕು ಹಿಡಿದ ಹಾಗೆ ಕಾಣುತ್ತಿತ್ತು. ಮೊಗ್ಗು ಬಿಡುತ್ತಿತ್ತು, ಅರಳುವ ಮೊದಲೇ ಉದುರುತ್ತಿತ್ತು. ಅಕ್ಕ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಒದ್ದೆ ಬಟ್ಟೆ ತಗೊಂಡು ಒಂದೊಂದೇ ಎಲೆ ಒರೆಸುತ್ತಿದ್ದಳು. ಅದನ್ನು ನೋಡಿದರೆ ನನಗೆ ಇನ್ನೂ ಸಿಟ್ಟು ಬರುತ್ತಿತ್ತು.

ಭಾವ ನಿವೃತ್ತರಾದ ಮೇಲೆ ಊರಾಚೆ, ಕಾಡಿಗೆ ಬೆನ್ನು ಹಾಕಿ ನಿಂತಿದ್ದ ಒಂದು ಸಣ್ಣ ಮನೆ ಸಿಕ್ಕಿತು. ಅಕ್ಕನಿಗೆ ಮನಸ್ಸಿರಲಿಲ್ಲ. ಅಂಗಡಿ ಬೀದಿಯ ಸದ್ದು, ಪಕ್ಕದ ಹೊಲಿಗೆಯವಳ ಮಾತು, ಎಲ್ಲ ಬಿಟ್ಟು ಹೋಗಬೇಕಿತ್ತು. ಆಗ ಭಾವ ಹೇಳಿದ್ದು ಒಂದೇ ಮಾತು: "ಅಲ್ಲಿ ನೀನು ಎಲೆ ಒರೆಸೋ ಹಾಗಿಲ್ಲ. ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ಹೂವು." ಅಕ್ಕ ಪೆಟ್ಟಿಗೆ ಕಟ್ಟಿದಳು. ದೊಡ್ಡ ಟ್ರಂಕು ಮಾತ್ರ, ಆಮೇಲೆ ನೋಡೋಣ ಅಂತ, ನನ್ನ ಮೇಲಿನ ರೂಮಿನಲ್ಲೇ ಬಿಟ್ಟಳು.

ಹೋದ ಮೊದಲ ವರ್ಷ ಗುಲಾಬಿ ಹಾಕಿದರು, ದಾಸವಾಳ ಹಾಕಿದರು, ಲಿಲ್ಲಿ ಗೆಡ್ಡೆ ಹೂತರು. ಭಾವ ಮಣ್ಣು ಅಗೆದು ಅಗೆದು ಸೊಂಟ ಹಿಡಿದುಕೊಂಡು ಓಡಾಡಿದರು. ಗುಲಾಬಿ ಮೊಗ್ಗು ಬಿಟ್ಟ ದಿನ ಅಕ್ಕ ನನಗೆ ಫೋನು ಮಾಡಿ, ನಾಳೆ ಬಾರೋ, ಅರಳಿರುತ್ತೆ ಅಂದಳು.

ಮಾರನೇ ದಿನ ಹೋದರೆ ಅಂಗಳದಲ್ಲಿ ಕಡ್ಡಿಗಳು ನಿಂತಿದ್ದವು. ಗುಲಾಬಿಯ ಮುಳ್ಳನ್ನೂ ಬಿಟ್ಟಿರಲಿಲ್ಲ. ದಾಸವಾಳದ ಎಲೆ, ಲಿಲ್ಲಿಯ ಮೊಗ್ಗು, ಎಲ್ಲ ಖಾಲಿ, ತಟ್ಟೆ ನೆಕ್ಕಿಟ್ಟ ಹಾಗೆ. ಅಂಗಳದಾಚೆ ಜಿಂಕೆಗಳು ನಿಂತು ಮೆಲುಕು ಹಾಕುತ್ತಿದ್ದವು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೈ ಕೆಸರಾಗಿದ್ದು ಭಾವನದು, ಬಾಯಿ ಮೊಸರಾಗಿದ್ದು ಜಿಂಕೆಯದು.

ಅಷ್ಟಾಗಿದ್ದರೆ ಅಕ್ಕ ಸುಮ್ಮನಿರುತ್ತಿದ್ದಳೋ ಏನೋ. ಭಾವ ಆ ಬೋಳು ಪಾತಿಯನ್ನು ನೋಡುತ್ತಾ ನಿಂತಿದ್ದರು. ತುಟಿಯ ಒಂದು ಮೂಲೆ ಮೇಲಕ್ಕೆ ಹೋಗಿತ್ತು. ಕ್ಯಾಂಟೀನಿನ ಎರಡನೇ ಕಿಟಕಿಯಲ್ಲಿ ಖಾಲಿ ತಟ್ಟೆ ಕಂಡ ಮನುಷ್ಯನ ಮುಖ ಅದು. ನನಗೇ ಗೊತ್ತಾಯಿತು, ಇನ್ನು ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ.

"ರೀ, ನಗ್ತಿದ್ದೀರಾ?" ಅಂದಳು.

"ಇಲ್ವಲ್ಲೇ."

"ನಗ್ತಿದ್ದೀರಿ."

"ಬಿಸಿಲು ಕಣೇ."

ಬಿಸಿಲು ಅವರ ಬೆನ್ನಿಗಿತ್ತು. ಅಕ್ಕ ದನಿ ಏರಿಸಲಿಲ್ಲ. "ಮುಂದಿನ ಚಳಿ ಶುರುವಾಗೋದ್ರೊಳಗೆ ಈ ಅಂಗಳದಲ್ಲಿ ಹೂವು ನಿಂತಿರಬೇಕು. ಇಲ್ಲಾಂದ್ರೆ ನಾನು ತಮ್ಮನ ಅಂಗಡಿ ಮೇಲಕ್ಕೆ ವಾಪಸ್ಸು. ನೀವು ಇಲ್ಲೇ ಇದ್ದು ನಿಮ್ಮ ಗಿರಾಕಿಗಳಿಗೆ ಬಡಿಸ್ಕೊಳ್ಳಿ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಲೋ, ಆ ರೂಮು ಯಾರಿಗೂ ಕೊಡಬೇಡ" ಅಂದಳು.

ನಮ್ಮ ಅಕ್ಕ ಹೇಳಿದ್ದನ್ನು ಮಾಡುವವಳು. ನಾನು ಕೂಗಾಡಿ ಮರೆಯುತ್ತೇನೆ, ಅವಳು ಕೂಗಾಡುವುದಿಲ್ಲ, ಮರೆಯುವುದೂ ಇಲ್ಲ. ರೂಮು ಖಾಲಿ ಇಟ್ಟೆ. ನಿಜ ಹೇಳಬೇಕೆಂದರೆ ಅವಳು ಬಂದರೆ ನನಗೂ ಒಳ್ಳೆಯದೇ ಆಗುತ್ತಿತ್ತು. ಅವಳು ಮೇಲಿದ್ದಾಗ ನನ್ನ ಗಂಟಲಿಗೆ ಒಂದು ಲಗಾಮು ಇತ್ತು, ನನ್ನವಳೂ ಅದನ್ನೇ ಹೇಳುತ್ತಿದ್ದಳು. ಆದರೆ ಗಂಡ ಹೆಂಡಿರನ್ನು ಬೇರೆ ಮಾಡಿ ಸುಖಪಡುವ ಬುದ್ಧಿ ನನಗಿಲ್ಲ. ಆ ಕೆಲಸ ಜಿಂಕೆಗಳೇ ಮಾಡುತ್ತಿದ್ದವು.

ನಾನು ಮೊದಲು ಮಾಡಿದ್ದು ನನಗೆ ಬರುವ ಕೆಲಸ. ಆಳೆತ್ತರದ ಕಬ್ಬಿಣದ ಬೇಲಿ ಕಟ್ಟಿದೆ. ಬೆಸುಗೆ ಅಂದರೆ ಬೆಸುಗೆ, ಆನೆ ಒರಗಿದರೂ ಅಲ್ಲಾಡಬಾರದು. ಬೆಳಗ್ಗೆ ಟೀ ಕುಡಿಯುತ್ತಾ ಭಾವ, ಅಕ್ಕ, ನಾನು ಮೂವರೂ ನೋಡುತ್ತಿರುವಾಗಲೇ ಒಂದು ಜಿಂಕೆ ಬಂದು, ಬೇಲಿಯನ್ನು ಮೇಲಿಂದ ಕೆಳಗೆ ನೋಡಿ, ಓಡಿ ಬರುವ ಶ್ರಮವನ್ನೂ ತೆಗೆದುಕೊಳ್ಳದೆ ನಿಂತಲ್ಲಿಂದಲೇ ಹಾರಿ ಒಳಗೆ ಬಂತು. ನಾನು ಬಾಯಿಗೆ ಬಂದ ಹಾಗೆ ಬೈದೆ. ಜಿಂಕೆ ತಲೆ ಎತ್ತಿ ನನ್ನನ್ನು ನೋಡಿ, ಗುಲಾಬಿಯ ಹೊಸ ಚಿಗುರನ್ನು ಮತ್ತೆ ತಿನ್ನತೊಡಗಿತು.

"ಬೇಲಿ ಚೆನ್ನಾಗಿದೆ ಭಾಮೈದ" ಅಂದರು ಭಾವ. "ಒಳಗೆ ಬಂದದ್ದು ಹೊರಗೆ ಹೋಗೋದು ಸ್ವಲ್ಪ ಕಷ್ಟ ಆಗುತ್ತೆ, ಅಷ್ಟೇ. ನಿಧಾನವಾಗಿ ತಿಂದು ಹೋಗುತ್ತೆ."

ಹೀಗಾಗಿ ಮಳೆಗಾಲದ ಮೊದಲು ನಾವು ನರ್ಸರಿಗೆ ಹೋದೆವು. ನರ್ಸರಿ ನಡೆಸುತ್ತಿದ್ದಾಕೆ ಗಟ್ಟಿ ಹೆಂಗಸು. ಗಂಬೂಟು ಹಾಕಿಕೊಂಡು, ರಬ್ಬರು ಪೈಪು ಹೆಗಲಿಗೆ ಸುತ್ತಿಕೊಂಡು, ಗಿರಾಕಿ ಬಂದರೂ ನೀರು ನಿಲ್ಲಿಸದೆ ಮಾತಾಡುವವಳು. ಭಾವ ವಿಷಯ ಹೇಳಿದರು.

"ಯಜಮಾನ್ರೇ, ಹಸಿದ ಜಿಂಕೆ ತಿನ್ನದ ಗಿಡ ಅಂತ ಒಂದೂ ಇಲ್ಲ" ಅಂದಳು. "ಅದಕ್ಕೆ ಇಷ್ಟ ಇಲ್ಲದ್ದು ಇವೆ. ಘಾಟು ವಾಸನೆ ಇರೋದು, ಎಲೆ ಮೇಲೆ ನವಿರು ಕೂದಲು ಇರೋದು, ಮುರಿದ್ರೆ ಹಾಲು ಬರೋದು. ಇಂಥವು ಕಂಡ್ರೆ ಮೂಸಿ ಮುಂದಕ್ಕೆ ಹೋಗುತ್ತೆ. ಪ್ರತಿ ವರ್ಷ ನೆಡೋ ಶಕ್ತಿ ಮನೆಯವ್ರಿಗೆ ಇದೆಯಾ?"

"ಅವಳಿಗೆ ಮಂಡಿ ನೋವು."

"ಹಾಗಾದ್ರೆ ಬೇರು ಉಳಿದು ವರ್ಷ ವರ್ಷ ತಾನೇ ಚಿಗುರೋವನ್ನೇ ತಗೊಳ್ಳಿ. ಒಂದು ಸಲ ನೆಟ್ಟರೆ ಆಯ್ತು."

ಭಾವ ಸಾಲಿನ ಉದ್ದಕ್ಕೂ ನಡೆದರು. ಒಂದು ಗಿಡದ ಮುಂದೆ ನಿಂತು, ಎಲೆ ಕಿತ್ತು, ಬಾಯಿಗೆ ಹಾಕಿ ಅಗಿದರು. ನರ್ಸರಿಯಾಕೆಯ ಕೈಯ ಪೈಪು ಅವಳ ಬೂಟಿನೊಳಕ್ಕೇ ನೀರು ಬಿಡತೊಡಗಿತು.

"ಏನ್ ಮಾಡ್ತಿದ್ದೀರಿ?"

"ರುಚಿ ನೋಡ್ತಿದ್ದೀನಿ ತಾಯಿ. ಬಡಿಸೋ ಮೊದಲು ನೋಡಬೇಕಲ್ಲ."

ಅವರ ಲೆಕ್ಕ ಸರಳವಾಗಿತ್ತು. ತಾವು ನುಂಗಲಾರದ್ದನ್ನು ಜಿಂಕೆಯೂ ನುಂಗಲಾರದು. ಲ್ಯಾವೆಂಡರ್ ಅಗಿದು, "ಸೋಪು ತಿಂದ ಹಾಗಿದೆ, ಇದು ಇರಲಿ" ಅಂದರು. ಸಾಲ್ವಿಯ ಅಗಿದು ಮುಖ ಕಿವುಚಿ, "ಇದೂ ಇರಲಿ" ಅಂದರು. ಕುರಿಮರಿಯ ಕಿವಿಯ ಹಾಗೆ ಮೆತ್ತಗೆ, ಬೂದುಬಣ್ಣದ ಎಲೆಯಿದ್ದ ಒಂದು ಗಿಡವನ್ನು ಬಾಯಿಗಿಟ್ಟರು. ಕಂಬಳಿ ನುಂಗಿದವರ ಹಾಗೆ ಕಣ್ಣಲ್ಲಿ ನೀರು ತುಂಬಿಕೊಂಡು, ಕೈಸನ್ನೆಯಲ್ಲೇ ಅದನ್ನೂ ಕಟ್ಟಿಸಿದರು. ಘಾಟು ಎಲೆಯ ಜೆರೇನಿಯಂ ಅವರಿಗೆ ಸ್ವಲ್ಪ ಇಷ್ಟವಾಗಿಬಿಟ್ಟಿತು. ಅದಕ್ಕೇ ಅನುಮಾನ ಬಂದು ನನಗೂ ಒಂದೆಲೆ ಕೊಟ್ಟರು. ನಾನು ಉಗಿದೆ. ಅದೂ ಬಂತು.

ಮೂಲೆಯಲ್ಲಿ ಗುಲಾಬಿ ಬಣ್ಣದ ಕಣಗಿಲೆ ಮೈತುಂಬ ಅರಳಿ ನಿಂತಿತ್ತು. ಭಾವನ ಕೈ ಅತ್ತ ಹೋಯಿತು. ನರ್ಸರಿಯಾಕೆ ಪೈಪಿನಿಂದಲೇ ಆ ಕೈಗೆ ಬಾರಿಸಿದಳು.

"ಅದು ವಿಷ. ಎಲೆ, ಕಡ್ಡಿ, ಹೂವು ಎಲ್ಲ ವಿಷ. ಜಿಂಕೆ ಅದರ ಹತ್ತಿರಕ್ಕೂ ಬರಲ್ಲ. ಹಸಿವು ತಡೀಲಾರದೆ ತಿಂದ್ರೆ ಸತ್ತೇ ಹೋಗುತ್ತೆ."

"ಅದನ್ನೇ ಹಾಕಿ" ಅಂದೆ ನಾನು. "ಅಂಗಳದ ತುಂಬ ಹಾಕಿ."

ಭಾವ ಕೈಯನ್ನು ಪಂಚೆಗೆ ಒರೆಸಿಕೊಂಡರು. "ಬೇಡ ಭಾಮೈದ. ರುಚಿ ಕೆಡಿಸಿದ ಊಟ ಬೇಕಾದ್ರೆ ಬಡಿಸ್ತೀನಿ. ವಿಷ ಬಡಿಸಿದವ್ನು ಅನ್ನಿಸ್ಕೊಳ್ಳಲ್ಲ."

ಹೊರಡುವಾಗ ನರ್ಸರಿಯಾಕೆ ಗಾಡಿಯ ಹತ್ತಿರ ಬಂದು ಹೇಳಿದಳು: "ಇವಕ್ಕೆ ಗೊಬ್ಬರ ಗಿಬ್ಬರ ಬೇಡ. ನೀರೂ ಕಮ್ಮಿ. ಬಡ ಮಣ್ಣಿನಲ್ಲಿ ಬೆಳೆಯೋ ಗಿಡಗಳು. ಸ್ವಲ್ಪ ಹಸಿದಿರಲಿ."

ಕೊನೆಯ ಮಾತು ಕೇಳಿ ಭಾವನ ಮುಖ ಸಣ್ಣದಾಯಿತು.

ನೆಟ್ಟರು. ಮಾರನೇ ಬೆಳಗ್ಗೆ ಜಿಂಕೆಗಳು ಬಂದವು. ಲ್ಯಾವೆಂಡರ್ ಮೂಸಿದವು, ಆ ಬೂದು ಎಲೆಯ ಕುರಿಕಿವಿಯನ್ನು ಮೂಸಿದವು, ಒಂದು ಮರಿ ಸಾಲ್ವಿಯದ ತುದಿ ಕಚ್ಚಿ ಅಲ್ಲೇ ಉಗಿಯಿತು. ಮೂಗು ಕೊಡವಿಕೊಂಡು ಹಾರಿ ಹೊರಟುಹೋದವು. ಅಕ್ಕ ಕಿಟಕಿಯಲ್ಲೇ ನಿಂತು ನೋಡಿ, ಎಷ್ಟೋ ದಿನದ ಮೇಲೆ ಒಂದು ಹಾಡು ಗುನುಗಿದಳಂತೆ. ನಾನು ಬೇಲಿಗೆ ಬಣ್ಣ ಹೊಡೆಯಲು ಹೋದಾಗ ಭಾವ ಜಗುಲಿಯ ಮೇಲೆ ಕೂತಿದ್ದರು. ಸಂತೋಷವಾಗಿರಬೇಕಿತ್ತು.

"ಮುಟ್ಟಲೇ ಇಲ್ಲ" ಅಂದರು.

"ಅದೇ ತಾನೇ ಬೇಕಾಗಿದ್ದು, ಭಾವ?"

"ಹೌದು ಹೌದು. ಒಂದು ಎಲೇನೂ ಮುಟ್ಟಲಿಲ್ಲ. ಆ ಮರಿಯಂತೂ ಬಾಯಿಗಿಟ್ಟು ಉಗಿದುಬಿಡ್ತು."

ಆ ದನಿ ನನಗೆ ಸರಿ ಕಾಣಲಿಲ್ಲ. ಆದರೂ ನನಗೆ ಬಣ್ಣದ ಕೆಲಸವಿತ್ತು.

ಮಳೆ ನಿಲ್ಲುವ ಹೊತ್ತಿಗೆ ಗಿಡಗಳು ಕಣ್ಣು ಕುಕ್ಕುವ ಹಾಗೆ ಬಂದಿದ್ದವು. ನರ್ಸರಿಯಲ್ಲಿ ನೋಡಿದ ಗಿಡಗಳು ಇವೇ ಅನ್ನುವಂತಿರಲಿಲ್ಲ. ಎಲೆಗಳು ಅಗಲವಾಗಿ, ಹಸಿರು ತೊಟ್ಟಿಕ್ಕುತ್ತಾ, ಕಡ್ಡಿಗಳು ಎಳೆ ಸೌತೆಕಾಯಿಯ ಹಾಗೆ ಮಿರಿಮಿರಿ. ತುದಿ ತುದಿಗೂ ಮೊಗ್ಗು. ಅಕ್ಕ ಫೋನು ಮಾಡಿ, ಇನ್ನು ಎರಡು ಮೂರು ದಿನಕ್ಕೆ ಅರಳುತ್ತೆ ಕಣೋ, ನಿನ್ನ ಹೆಂಡತಿಯನ್ನೂ ಕರಕೊಂಡು ಬಾ ಅಂದಳು.

ಹೆಂಡತಿಯನ್ನು ಕರಕೊಂಡು ಹೋದೆ. ಅಂಗಳದಲ್ಲಿ ಕಡ್ಡಿಗಳು ನಿಂತಿದ್ದವು.

ಕುರಿಕಿವಿಯೂ ಇರಲಿಲ್ಲ. ಆ ಕಂಬಳಿಯನ್ನೂ ತಿಂದಿದ್ದವು. ನನ್ನವಳು ಬಾಯಿಗೆ ಸೆರಗು ಹಿಡಿದು ನಿಂತಳು. ಒಳಗೆ ಅಕ್ಕ ಮಂಚದ ಕೆಳಗಿನ ಸೂಟ್‌ಕೇಸನ್ನು ಎಳೆದು ಧೂಳು ಒರೆಸುತ್ತಿದ್ದಳು, ಹಿಂದೆ ಎಲೆ ಒರೆಸುತ್ತಿದ್ದ ಹಾಗೆಯೇ.

ನನ್ನ ತಲೆ ಕೆಟ್ಟಿತು. ನೇರ ನರ್ಸರಿಗೆ ಹೋಗಿ, ಮೋಸದ ಗಿಡ ಕೊಟ್ಟಿದ್ದೀಯ ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದೆ. ಅವಳು ಪೈಪು ಕೆಳಗಿಟ್ಟು, "ಕೂಗಿ ಮುಗೀತಾ? ಗಾಡಿ ತೆಗೀರಿ" ಅಂದು ನನ್ನ ಜೊತೆಗೇ ಬಂದಳು. ಅಂಗಳದಲ್ಲಿ ಮಂಡಿಯೂರಿ, ಉಳಿದಿದ್ದ ಒಂದು ಸಾಲ್ವಿಯದ ತುಂಡನ್ನು ಮುರಿದಳು. ಲಟಕ್ ಅಂತು, ನೀರು ಚಿಮ್ಮಿತು.

"ಇದು ಸಾಲ್ವಿಯ ಅಲ್ಲ, ತರಕಾರಿ" ಅಂದಳು. "ಘಾಟೂ ಇಲ್ಲ, ನಾರೂ ಇಲ್ಲ. ಇಷ್ಟು ಎಳೆ ಚಿಗುರು ಸಿಕ್ಕರೆ ಜಿಂಕೆ ಯಾಕೆ ಬಿಡುತ್ತೆ? ಏನ್ ಹಾಕಿದ್ರಿ ಇದಕ್ಕೆ?"

ಭಾವ ಬಚ್ಚಲಿನ ಕಡೆ ನೋಡುತ್ತಿದ್ದರು. ಬಚ್ಚಲಿನ ಪಕ್ಕದಲ್ಲಿ ಒಂದು ಬಕೆಟ್ಟಿತ್ತು. ಅಕ್ಕ ಒಳಗಿನಿಂದ ಬಂದು ಅದರ ಮುಚ್ಚಳ ತೆಗೆದಳು. ಬೇಳೆ ತೊಳೆದ ನೀರು, ಮೊಟ್ಟೆ ಸಿಪ್ಪೆ, ಟೀ ಚರಟ, ಮೀನು ತೊಳೆದ ನೀರು, ಎಲ್ಲ ಸೇರಿ ಕೊಳೆತು ನೊರೆ ಎದ್ದಿತ್ತು.

"ಇದು ದಿನಾನಾ?" ಅಂದಳು ನರ್ಸರಿಯಾಕೆ.

"ಬೆಳಗ್ಗೆ ಒಂದು ಸಲ" ಅಂದರು ಭಾವ. ಪಂಚೆಯ ಅಂಚು ಸರಿಮಾಡಿಕೊಳ್ಳುತ್ತಾ, "ಸಾಯಂಕಾಲ ಒಂದು ಸಲ. ಬಲಿತ ತುದಿಯನ್ನೂ ಚಿವುಟಿ ತೆಗೀತಿದ್ದೆ. ಬಲಿತದ್ದನ್ನ ಹಾಗೇ ಬಿಡೋಕೆ ಕೈ ಬರಲ್ಲ ತಾಯಿ."

ಬೇಲಿಯೇ ಎದ್ದು ಹೊಲ ಮೇಯ್ದಂತೆ ಅಂತ ಗಾದೆ. ನಾನು ಕಟ್ಟಿದ ಬೇಲಿ ಪಾಪ ಎದ್ದಿರಲಿಲ್ಲ. ಎದ್ದಿದ್ದು ನಮ್ಮ ಭಾವ. ಹುಡುಕಿ ಹುಡುಕಿ, ಅಗಿದು ಅಗಿದು, ಯಾರೂ ತಿನ್ನದ ಗಿಡ ತಂದು, ಅದನ್ನು ಎಲ್ಲರೂ ತಿನ್ನುವ ಹಾಗೆ ಮಾಡಿದ್ದರು. ನಾನು ಏನೋ ಅನ್ನಲು ಬಾಯಿ ತೆರೆದೆ. ಅಕ್ಕ ಕೈ ಎತ್ತಿದಳು, ಮುಚ್ಚಿದೆ.

"ನೀವು ಅಡುಗೆ ಮಾಡಿದ್ದೀರಿ" ಅಂದಳು ಗಂಡನಿಗೆ.

"ಬೇಕು ಅಂತ ಮಾಡ್ಲಿಲ್ಲ ಕಣೇ."

"ನಂಗೊತ್ತು. ಬೇಕು ಅಂತ ಮಾಡಿದ್ರೆ ಆಗಲೇ ಹೊರಟುಹೋಗ್ತಿದ್ದೆ."

"ಅವು ಮೂಸಿ ಮೂಸಿ ಹೋಗ್ತಿದ್ವು. ದಿನಾ ನೋಡೋಕಾಗ್ತಿರಲಿಲ್ಲ."

ಅಕ್ಕ ಸೂಟ್‌ಕೇಸು ಇದ್ದ ಕಡೆ ಒಂದು ಸಲ ನೋಡಿದಳು. "ಚಳಿಗೆ ಇನ್ನೂ ದಿನ ಇದೆ. ನಾನು ಹೇಳಿದ ಮಾತು ಹಾಗೇ ಇದೆ" ಅಂದಳು.

ನರ್ಸರಿಯಾಕೆ ಬೇರು ಕೆದಕಿ ನೋಡಿದಳು. ಬೇರಿಗೆ ಏನೂ ಆಗಿರಲಿಲ್ಲ. ಮತ್ತೆ ಚಿಗುರುತ್ತದೆ, ಆದರೆ ಯಾರೂ ಕೈ ಹಾಕಬಾರದು, ಗೊಬ್ಬರ ಬೇಡ, ಚಿವುಟುವುದು ಬೇಡ, ಒಣಗುತ್ತಿದೆ ಅಂತ ಅನ್ನಿಸಿದರೂ ನೀರು ಬೇಡ ಅಂದಳು. ಭಾವ ಬಕೆಟ್ಟನ್ನು ತಾವೇ ಬರಿದು ಮಾಡಿ, ತೊಳೆದು, ನನ್ನ ಗಾಡಿಯಲ್ಲಿಟ್ಟರು. "ಅಂಗಡೀಲಿ ಬೀಗ ಹಾಕಿಡು. ನಾನು ಕೇಳಿದ್ರೂ ಕೊಡಬೇಡ" ಅಂದರು. ಆ ವಾರವೇ ಫೋನು ಮಾಡಿ ಕೇಳಿದರು. ಕೊಡಲಿಲ್ಲ.

ಆ ದಿನಗಳು ಅವರಿಗೆ ಹೇಗೆ ಕಳೆದವೋ ಅವರಿಗೇ ಗೊತ್ತು. ನಾನು ಹೋದಾಗಲೆಲ್ಲ ಜಗುಲಿಯ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿರುತ್ತಿದ್ದರು. ಎದುರಿಗೆ ಗಿಡಗಳು ಚಿಗುರಿ, ಬಾಡಿ, ಹಠ ಹಿಡಿದ ಹಾಗೆ ನಿಧಾನವಾಗಿ ಮೇಲೇಳುತ್ತಿದ್ದವು. ಎಲೆ ಸಣ್ಣದು, ಕಡ್ಡಿ ಒರಟು. ಬೇಳೆ ತೊಳೆದ ನೀರನ್ನು ಅಕ್ಕ ಈಗ ಅವರ ಕಣ್ಣೆದುರಿಗೇ ಬಚ್ಚಲಿಗೆ ಚೆಲ್ಲುತ್ತಿದ್ದಳು. ಅವರು ಅತ್ತ ಮುಖ ತಿರುಗಿಸುತ್ತಿದ್ದರು. ಎರಡು ಜೆರೇನಿಯಂ ಸತ್ತೇಹೋದವು. ಭಾವ ಅವನ್ನು ನೋಡಿ, "ಕ್ಯಾಂಟೀನಲ್ಲಿ ಯಾರನ್ನೂ ಹೀಗೆ ಉಪವಾಸ ಕೆಡವಿರಲಿಲ್ಲ" ಅಂದರು. ಆದರೆ ಕೈ ಮಾತ್ರ ತೊಡೆಯ ಕೆಳಗಿನಿಂದ ಹೊರಗೆ ಬರಲಿಲ್ಲ.

ಮೊದಲ ಚಳಿ ಬಿದ್ದ ಬೆಳಗ್ಗೆ ಅಕ್ಕ ಹೇಳಿದ್ದಂತೆ ಗೂಡ್ಸ್ ಗಾಡಿ ತಗೊಂಡು ಹೋದೆ. ಮೇಲಿನ ರೂಮು ಗುಡಿಸಿ, ಮೆಟ್ಟಿಲು ತೊಳೆದಿಟ್ಟಿದ್ದೆವು. ಗೇಟಿನ ಹತ್ತಿರ ಇಳಿದವನು ಅಲ್ಲೇ ನಿಂತೆ.

ಹೂವು ಇತ್ತು. ಚಿತ್ರಪಟದಲ್ಲಿ ತೋರಿಸುವಂಥ ತೋಟವಲ್ಲ. ಅಲ್ಲೊಂದು ಇಲ್ಲೊಂದು ಬೋಳು ಜಾಗ, ಸಾಲ್ವಿಯ ತಲೆಗೆದರಿಕೊಂಡು ಸೊಟ್ಟಗೆ ನಿಂತಿತ್ತು. ಆದರೆ ನೀಲಿ ಹೂವು ತೆನೆ ತೆನೆಯಾಗಿ ಬಿಟ್ಟಿತ್ತು. ಲ್ಯಾವೆಂಡರಿನಲ್ಲೂ ಸಣ್ಣ ಸಣ್ಣ ಹೂವು ಬಂದು, ಗೇಟಿನವರೆಗೂ ಘಾಟು ಹೊಡೆಯುತ್ತಿತ್ತು. ಜಗುಲಿಯ ಮೇಲೆ ಸೂಟ್‌ಕೇಸು ಇತ್ತು, ಪಕ್ಕದಲ್ಲಿ ಅಕ್ಕ ಶಾಲು ಹೊದ್ದು ಕೂತಿದ್ದಳು. ಭಾವ ಕಂಬಕ್ಕೆ ಒರಗಿ ನಿಂತಿದ್ದರು. ಇಬ್ಬರೂ ನನ್ನನ್ನು ನೋಡಲಿಲ್ಲ. ಬೇಲಿಯಾಚೆ ಜಿಂಕೆ ಬಂದಿತ್ತು.

ಹಾರಿ ಒಳಗೆ ಬಂತು. ಹಿಂದೆ ಬಂದು ಉಗಿದುಹೋಗಿದ್ದ ಮರಿಯೇ ಇರಬೇಕು, ಈಗ ಸ್ವಲ್ಪ ಬೆಳೆದಿತ್ತು. ಸಾಲ್ವಿಯಕ್ಕೆ ಮೂಗು ಹಚ್ಚಿತು. ಬಹಳ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಸೀನಿತು. ಕುರಿಕಿವಿಯನ್ನು ಮೂಸಿ ಇನ್ನೊಂದು ಸಲ ಸೀನಿತು. ಪಾತಿಯ ಅಂಚಿನಲ್ಲಿದ್ದ ಬರೀ ಹುಲ್ಲನ್ನು ಎರಡು ಬಾಯಿ ಕಿತ್ತು, ಬೇಲಿ ಹಾರಿ ಹೊರಟಿತು.

ಅಕ್ಕ ಹೂವಿನ ಕಡೆ ನೋಡಲಿಲ್ಲ. ಗಂಡನ ಮುಖ ನೋಡಿದಳು. ನಾನೂ ನೋಡಿದೆ. ತುಂಬಿದ ತಟ್ಟೆ ವಾಪಸ್ಸು ಬಂದಾಗಿನ ಮುಖ ಅದು. ತುಟಿಯ ಎರಡು ಮೂಲೆಯೂ ಕೆಳಕ್ಕೆ ಜೋತಿದ್ದವು. ಕೈ ಮಾತ್ರ ಬೆನ್ನ ಹಿಂದೆ, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.

"ಉಪ್ಪು ಕಮ್ಮಿ ಆಯ್ತೇನೋ" ಅಂದರು ಮೆಲ್ಲಗೆ, ಕಾಡಿನ ಕಡೆಗೆ.

ಅಕ್ಕ ಬೆನ್ನ ಹಿಂದಿನ ಆ ಕೈಗಳನ್ನೂ ನೋಡಿ, ಶಾಲು ಸರಿ ಮಾಡಿಕೊಂಡು ಎದ್ದಳು. ಸೂಟ್‌ಕೇಸು ಎತ್ತಿಕೊಂಡಳು. ನಾನು ತಗೊಳ್ಳಲು ಹೋದರೆ ಕೊಡಲಿಲ್ಲ, ತಾನೇ ಒಳಗೆ ತಗೊಂಡು ಹೋದಳು. ಅದನ್ನು ಮಂಚದ ಕೆಳಗೆ ತಳ್ಳಿದ ಸದ್ದು ಜಗುಲಿಗೆ ಕೇಳಿಸಿತು.

"ಲೋ" ಅಂದಳು ಒಳಗಿನಿಂದ. "ಹೇಗೂ ಗಾಡಿ ತಂದಿದ್ದೀಯ. ಮೇಲಿರೋ ಟ್ರಂಕು ತಂದು ಹಾಕಿಬಿಡು. ಆ ಕುಂಡಗಳನ್ನೂ ತಾ."

"ರೂಮು ಗುಡಿಸಿಟ್ಟಿದ್ದೀನಲ್ಲೇ" ಅಂದೆ.

"ಗುಡಿಸಿದ್ದು ಒಳ್ಳೇದಾಯ್ತು. ಯಾರಾದ್ರೂ ಬರ್ತಾರೆ."

ಖಾಲಿ ಗಾಡಿ ತಿರುಗಿಸುವಾಗ ಭಾವ ಗೇಟಿನವರೆಗೂ ಬಂದರು. ಕಿಟಕಿಯೊಳಗೆ ತಲೆ ಹಾಕಿ, ಅಕ್ಕನಿಗೆ ಕೇಳದ ಹಾಗೆ, "ಟ್ರಂಕಿನ ಜೊತೆ ಆ ಬಕೆಟ್ಟು..." ಅಂದರು.

"ಭಾವ."

"ಇಲ್ಲ, ಬೇಡ ಅಂತ ಹೇಳೋಕೆ ಬಂದೆ" ಅಂದರು. "ಅದನ್ನ ಅಲ್ಲೇ ಇಟ್ಟಿರು."